ಕಚ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಕೆಂಪುಕೊರಳ ಫಲರೋಪ್: ಒಂದು ಚಳಿಗಾಲದ ಕಡಲಹಕ್ಕಿಯ ಇರುವಿಕೆಯ ವಿಚಾರ

ಸಂರಕ್ಷಿತ ಪ್ರದೇಶಗಳ ಪಕ್ಷಿಪಟ್ಟಿಗಳಲ್ಲಿ ಪ್ರತಿಯೊಂದು ಹಕ್ಕಿಯ ಹೆಸರಿನ ಮುಂದೆ ಅದು ಅಲ್ಲಿನ ನಿವಾಸಿಯೋ, ದಾರಿಹೋಕವೋ, ಚಳಿಗಾಲದ ಅತಿಥಿಯೋ ಎಂಬುದನ್ನು ಸೂಚಿಸುವ ಒಂದು ಗುರುತು ಇರುವುದು ವಾಡಿಕೆ. ಉತ್ತರದಿಂದ ಬಂದು ಒಂದು ಕೆರೆಯಲ್ಲಿ ನಾಲ್ಕು ತಿಂಗಳು ತಂಗಿ ಮರಳುವ ಬಾತಿನ ಮಟ್ಟಿಗೆ ಈ ಗುರುತು ಸಾಕು. ಆ ಹಕ್ಕಿ ಉಣ್ಣುವುದು, ವಿರಮಿಸುವುದು, ಗರಿ ಬದಲಿಸುವುದು ಎಲ್ಲವೂ ಬಹುಮಟ್ಟಿಗೆ ಆ ನೀರಿನ ಎಲ್ಲೆಯೊಳಗೇ ನಡೆಯುತ್ತವೆ. ಆದರೆ ಇದೇ ಗುರುತನ್ನು ಕಡಲಹಕ್ಕಿಯೊಂದರ ಹೆಸರಿನ ಮುಂದೆ ಬರೆದಾಗ ಅದು ಹೇಳುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು. ಗುಜರಾತಿನ ಕಚ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನದ ಪರಿಸರದಲ್ಲಿ ಚಳಿಗಾಲ ಕಳೆಯುವ ಕೆಂಪುಕೊರಳ ಫಲರೋಪ್ ಇದಕ್ಕೆ ಒಳ್ಳೆಯ ಉದಾಹರಣೆ. ಈ ಪುಟ್ಟ ಹಕ್ಕಿ ಉದ್ಯಾನದ ನೀರಿನಲ್ಲಿ ಕಾಣಿಸಿಕೊಳ್ಳುವುದು ವಿಶಾಲವಾದ ಒಂದು ಸಾಗರಘಟನೆಯ ಅಂಚಾಗಿ ಮಾತ್ರ. ಆ ಘಟನೆ ನಡೆಯುವುದು ಉದ್ಯಾನದ ಎಲ್ಲೆಯಾಚೆ, ಅರಬ್ಬೀ ಸಮುದ್ರದ ತೆರೆದ ನೀರಿನಲ್ಲಿ. ಹಾಗಾಗಿ ಇದರ ಇರುವಿಕೆಯನ್ನು ಅಳೆಯುವ ಕ್ರಮವೂ ಇದನ್ನು ಕಾಯುವ ಕ್ರಮವೂ ಬೇರೆಯಾಗಬೇಕಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಹಕ್ಕಿಯ ಪರಿಚಯ

ಲಿನೇಯಸನು 1758ರಲ್ಲಿ ಪ್ರಕಟಿಸಿದ ತನ್ನ ವರ್ಗೀಕರಣ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಈ ಹಕ್ಕಿಗೆ ಟ್ರಿಂಗಾ ಲೊಬಾಟಾ ಎಂದು ಹೆಸರಿಟ್ಟನು. ಇಂದಿನ ಶಾಸ್ತ್ರೀಯ ನಾಮ ಫಲರೋಪಸ್ ಲೊಬಾಟಸ್. ಗ್ರೀಕ್ ಮೂಲದ ಮೊದಲ ಪದಕ್ಕೆ 'ನಾಮದಕೋಳಿಯ ಪಾದವುಳ್ಳದ್ದು' ಎಂದರ್ಥ. ಎರಡನೆಯದು ಅದೇ ಪಾದದ ಹಾಲೆಗಳನ್ನು ಸೂಚಿಸುತ್ತದೆ. ನಮ್ಮ ಕೆರೆಗಳಲ್ಲಿ ಈಜುವ ನಾಮದಕೋಳಿಯ ಬೆರಳುಗಳನ್ನು ಹತ್ತಿರದಿಂದ ಕಂಡವರಿಗೆ ಈ ಹೋಲಿಕೆ ಕೂಡಲೇ ಮನದಟ್ಟಾಗುತ್ತದೆ: ಬಾತಿನಂತೆ ಬೆರಳುಗಳ ನಡುವೆ ಪೂರ್ಣ ಜಾಲಪೊರೆಯಿಲ್ಲ, ಬದಲಿಗೆ ಪ್ರತಿ ಬೆರಳಿನ ಇಕ್ಕೆಲಗಳಲ್ಲಿ ಎಲೆಯಂಥ ಚರ್ಮದ ಹಾಲೆಗಳಿವೆ. ಕನ್ನಡದಲ್ಲಿ ಇದಕ್ಕೊಂದು ಹೊಸ ಹೆಸರನ್ನು ಕಟ್ಟುವುದು ಕಷ್ಟವೇನಲ್ಲ. ಆದರೆ ದಡದ ಜನರ ಬಳಕೆಯಿಂದ ಹುಟ್ಟಿಬಾರದ ಹೆಸರು ಪಟ್ಟಿಯಲ್ಲಿಯೇ ಉಳಿದುಬಿಡುತ್ತದೆಯಾದ್ದರಿಂದ ಇಲ್ಲಿ ಫಲರೋಪ್ ಎಂಬ ಪದವನ್ನೇ ಇರಿಸಿಕೊಳ್ಳಲಾಗಿದೆ.

ವರ್ಗೀಕರಣದ ದೃಷ್ಟಿಯಿಂದ ಇದು ಉಲ್ಲಂಕಿ, ಗದ್ದೆಗೊರವಗಳ ಕುಟುಂಬಕ್ಕೆ ಸೇರಿದ್ದು. ಅಂದರೆ ನೀರಿನ ಅಂಚಿನಲ್ಲಿ ನಡೆದಾಡುತ್ತ ಕೆಸರು ಕೆದಕುವ ಹಕ್ಕಿಗಳ ಬಳಗದ್ದು. ಉದ್ದ 18ರಿಂದ 20 ಸೆಂಟಿಮೀಟರ್. ತೂಕ ಸರಾಸರಿ 35 ಗ್ರಾಂನಷ್ಟು, ಗುಬ್ಬಚ್ಚಿಗಿಂತ ತುಸು ಹೆಚ್ಚು. ಇಷ್ಟು ಹಗುರವಾದ ಜೀವಿಯೊಂದು ವರ್ಷದ ಮುಕ್ಕಾಲು ಭಾಗವನ್ನು ನೆಲ ಕಾಣದ ಸಮುದ್ರದಲ್ಲಿ ತೇಲುತ್ತ ಕಳೆಯುತ್ತದೆ ಎಂಬುದೇ ಇದರ ವಿಶೇಷ. ಫಲರೋಪ್‌ಗಳಲ್ಲಿ ಮೂರು ಪ್ರಭೇದಗಳಿವೆ. ಅವುಗಳಲ್ಲಿ ಕೆಂಪುಕೊರಳಿನದೂ ಬೂದುಬಣ್ಣದ್ದೂ ಚಳಿಗಾಲವನ್ನು ಕಡಲಿನಲ್ಲಿ ಕಳೆಯುತ್ತವೆ. ಅಮೆರಿಕದ ವಿಲ್ಸನ್ ಫಲರೋಪ್ ಒಳನಾಡಿನ ಉಪ್ಪುನೀರಿನ ಸರೋವರಗಳನ್ನು ಆಶ್ರಯಿಸುತ್ತದೆ. ಆದ್ದರಿಂದ ಕುಲದಲ್ಲಿ ದಡದ ಹಕ್ಕಿ, ನಡತೆಯಲ್ಲಿ ಕಡಲಹಕ್ಕಿ ಎಂದು ಕೆಂಪುಕೊರಳಿನದನ್ನು ಕರೆಯಬಹುದು. ಗಣತಿಕಾರರಿಗೆ ತೊಡಕು ಹುಟ್ಟುವುದೂ ಇಲ್ಲಿಂದಲೇ.

ಇದರ ಸಂತಾನಾಭಿವೃದ್ಧಿ ನಡೆಯುವುದು ಉತ್ತರಧ್ರುವದ ಸುತ್ತಲಿನ ತಂಡ್ರಾ ಹಾಗೂ ಅದಕ್ಕೆ ಹೊಂದಿದ ಜೌಗುನೆಲಗಳ ಚಿಕ್ಕ ಕೊಳಗಳಲ್ಲಿ. ಅಲ್ಲಿ ಹೆಣ್ಣೇ ಗಂಡಿಗಿಂತ ಗಾಢವಾದ ಬಣ್ಣದ್ದು. ಗಂಡಿಗಾಗಿ ಪೈಪೋಟಿ ನಡೆಸುವುದೂ ಹೆಣ್ಣೇ. ನಾಲ್ಕು ಮೊಟ್ಟೆಗಳನ್ನಿಟ್ಟ ಬಳಿಕ ಕಾವು ಕೊಡುವ, ಮರಿಗಳನ್ನು ನೋಡಿಕೊಳ್ಳುವ ಹೊಣೆಯನ್ನು ಗಂಡಿಗೆ ಬಿಟ್ಟು ಹೆಣ್ಣುಗಳು ಎಲ್ಲಕ್ಕಿಂತ ಮೊದಲೇ ದಕ್ಷಿಣದ ಕಡೆಗೆ ಹೊರಡುತ್ತವೆ. ಗಂಡುಗಳು, ಅವುಗಳ ಹಿಂದಿನಿಂದ ಆ ವರ್ಷದ ಮರಿಗಳು ಬರುತ್ತವೆ. ಅಂದರೆ ವಲಸೆಯ ಕಾಲದಲ್ಲಿ ಒಂದು ತಾಣವನ್ನು ಹಾದುಹೋಗುವ ಹಿಂಡಿನ ರಚನೆ ವಾರದಿಂದ ವಾರಕ್ಕೆ ಬದಲಾಗುತ್ತಿರುತ್ತದೆ. ಬೇರೆ ಬೇರೆ ತಿಂಗಳುಗಳ ಎಣಿಕೆಗಳನ್ನು ಒಂದರೊಡನೊಂದು ಹೋಲಿಸುವಾಗ ಈ ಸಂಗತಿಯನ್ನು ಮರೆಯುವುದುಂಟು.

ಹೆಸರಿನಲ್ಲಿರುವ ಕೆಂಪು ನಮ್ಮ ಚಳಿಗಾಲದಲ್ಲಿ ಕಾಣುವುದಿಲ್ಲ. ಆಗ ಹಕ್ಕಿಯ ತಲೆ, ಕೊರಳು, ಹೊಟ್ಟೆಗಳು ಬಿಳಿ. ಬೆನ್ನು ಬೂದು, ಅದರ ಮೇಲೆ ಬಿಳಿಯ ಗೆರೆಗಳು. ಕಣ್ಣಿನಿಂದ ಹಿಂದಕ್ಕೆ ಒಂದು ಕಪ್ಪು ಪಟ್ಟೆ. ಸೂಜಿಯಂತೆ ಸಪೂರವಾದ ಕಪ್ಪು ಕೊಕ್ಕು ಇದನ್ನು ಬೂದು ಫಲರೋಪಿನಿಂದ ಬೇರ್ಪಡಿಸುವ ಮುಖ್ಯ ಲಕ್ಷಣ. ಬೂದು ಫಲರೋಪಿನ ಕೊಕ್ಕು ದಪ್ಪ, ಬೆನ್ನು ಗೆರೆಗಳಿಲ್ಲದ ಏಕರೂಪದ ಬೂದು. ಅಲೆಗಳ ಮೇಲೆ ಇನ್ನೂರು ಮೀಟರ್ ದೂರದಲ್ಲಿ ಏಳುತ್ತ ಬೀಳುತ್ತ ಇರುವ ಹಕ್ಕಿಯಲ್ಲಿ ಈ ವ್ಯತ್ಯಾಸವನ್ನು ಗುರುತಿಸುವುದು ಎಷ್ಟು ಸುಲಭವೆಂಬುದನ್ನು ಓದುಗರೇ ಊಹಿಸಬಹುದು.

ಉದ್ಯಾನ ಮತ್ತು ಅದರ ಸುತ್ತಲಿನ ನೀರು

ಕಚ್ ಕೊಲ್ಲಿಯ ದಕ್ಷಿಣ ದಂಡೆಯಲ್ಲಿ ಓಖಾದಿಂದ ಜೋಡಿಯಾದವರೆಗೆ ಹಬ್ಬಿರುವ ಈ ಸಂರಕ್ಷಿತ ಪ್ರದೇಶವನ್ನು 1980ರಲ್ಲಿ ಅಭಯಾರಣ್ಯವೆಂದೂ 1982ರಲ್ಲಿ ಅದರ 162.89 ಚದರ ಕಿ.ಮೀ. ಭಾಗವನ್ನು ರಾಷ್ಟ್ರೀಯ ಉದ್ಯಾನವೆಂದೂ ಘೋಷಿಸಲಾಯಿತು. ಸಾಗರಜೀವಿಗಳಿಗೆಂದೇ ಮೀಸಲಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಇದು ಭಾರತದ ಮೊದಲನೆಯದು. ಪಿರೋಟನ್ ಮೊದಲಾದ 42 ದ್ವೀಪಗಳು, ಹವಳದ ದಿಬ್ಬಗಳು, ಕಾಂಡ್ಲಾ ಕಾಡುಗಳು, ಇಳಿತದಲ್ಲಿ ಮೈಲುಗಟ್ಟಲೆ ಬಯಲಾಗುವ ಕೆಸರುನೆಲ ಇದರ ಸಂಪತ್ತು. ಎಲ್ಲೆಯನ್ನು ಗುರುತಿಸುವಾಗ ಗಮನದಲ್ಲಿದ್ದುದೂ ಇವೇ. ಕೊಲ್ಲಿಯ ಬಾಯಿಯ ಕಡೆಯಿಂದ ಒಳಕ್ಕೆ ಹೋದಂತೆ ಭರತದ ಎತ್ತರ ಹೆಚ್ಚುತ್ತದೆ. ನವಲಖಿಯ ಬಳಿ ಭರತ-ಇಳಿತಗಳ ಅಂತರ ಏಳು ಮೀಟರಿನಷ್ಟಾಗುವುದುಂಟು. ದಿನಕ್ಕೆರಡು ಬಾರಿ ಇಷ್ಟು ನೀರು ಒಳನುಗ್ಗಿ ಹೊರಹರಿಯುವುದರಿಂದ ಕೊಲ್ಲಿಯ ನೀರು ಮೇಲಿನಿಂದ ಕೆಳಗಿನವರೆಗೆ ಕಲಸಿಹೋಗಿ ಕದಡಿದಂತೆಯೇ ಇರುತ್ತದೆ.

ಈ ಪರಿಸರದಲ್ಲಿ ಫಲರೋಪ್ ಎರಡು ಬಗೆಯ ನೀರಿನಲ್ಲಿ ಕಾಣಸಿಗುತ್ತದೆ. ಮೊದಲನೆಯದು ಕೊಲ್ಲಿಯ ತೆರೆದ ನೀರು. ದ್ವೀಪಗಳ ಕೊನೆಗಳಲ್ಲಿ, ಕಾಲುವೆಗಳ ಬಾಯಿಯಲ್ಲಿ ಎರಡು ಪ್ರವಾಹಗಳು ಕೂಡುವೆಡೆ ನೊರೆ, ಕಡ್ಡಿ, ಪಾಚಿಗಳು ಗೆರೆಯಾಗಿ ಸೇರುವುದನ್ನು ದೋಣಿಯವರೆಲ್ಲ ಬಲ್ಲರು. ತಮ್ಮ ಬಲದಿಂದ ಈಜಲಾರದ ಪ್ಲವಕಗಳೂ ಆ ಗೆರೆಯಲ್ಲಿ ಒಟ್ಟಾಗುತ್ತವೆ; ಫಲರೋಪ್‌ಗಳು ಇಂಥ ಗೆರೆಗಳನ್ನು ಹಿಡಿದು ಸಾಲಾಗಿ ತೇಲುತ್ತವೆ. ಎರಡನೆಯದು ಉದ್ಯಾನಕ್ಕೆ ಹೊಂದಿಕೊಂಡ ಉಪ್ಪಿನ ಆಗರಗಳು. ಅಲ್ಲಿನ ಗಾಢ ಉಪ್ಪುನೀರಿನಲ್ಲಿ ಮೀನುಗಳು ಬದುಕಲಾರವು. ಬದಲಾಗಿ ಉಪ್ಪುಸೀಗಡಿಯೂ ಉಪ್ಪುನೊಣದ ಮರಿಗಳೂ ಯಥೇಚ್ಛವಾಗಿರುತ್ತವೆ. ಕಣ್ಣಿನ ಮೇಲ್ಭಾಗದಲ್ಲಿರುವ ಲವಣಗ್ರಂಥಿಗಳ ಮೂಲಕ ಹೆಚ್ಚಾದ ಉಪ್ಪನ್ನು ಹೊರಹಾಕಬಲ್ಲ ಫಲರೋಪಿಗೆ ಇದು ಸಿದ್ಧವಾದ ಊಟ. ದಂಡೆಯ ಮೇಲೆ ನಿಂತು ದುರ್ಬೀನಿನಿಂದ ನೋಡುವವರಿಗೆ ಹಕ್ಕಿ ಸುಲಭವಾಗಿ ದಕ್ಕುವುದು ಇಲ್ಲಿಯೇ. ಪರಿಣಾಮವಾಗಿ, ಕಡಲಹಕ್ಕಿಯ ಬಗ್ಗೆ ದಡದವರಿಂದ ಬರುವ ಬಹುಪಾಲು ಮಾಹಿತಿ ಉಪ್ಪಿನ ಆಗರದ ಮಾಹಿತಿಯಾಗಿರುತ್ತದೆ. ಆಗರಗಳಲ್ಲಿ ಕಂಡ ಸಂಖ್ಯೆಯೇ ಈ ಪ್ರದೇಶದ ಚಳಿಗಾಲದ ಸಂಖ್ಯೆ ಎಂದು ತಿಳಿಯುವುದು, ಬಂದರಿನಲ್ಲಿ ನಿಂತ ದೋಣಿಗಳನ್ನೆಣಿಸಿ ಮೀನುಗಾರಿಕೆಯ ಪ್ರಮಾಣವನ್ನು ಹೇಳಿದಂತೆ.

ಹಕ್ಕಿ ಬರುವ ದಾರಿ, ಸೇರುವ ಕಡಲು

ಪ್ರಪಂಚದಲ್ಲಿ ಕೆಂಪುಕೊರಳ ಫಲರೋಪಿನ ಚಳಿಗಾಲದ ನೆಲೆಗಳು ಮುಖ್ಯವಾಗಿ ಮೂರು: ಈಕ್ವೆಡಾರ್ ಮತ್ತು ಪೆರುವಿನಾಚೆಯ ಶಾಂತಸಾಗರ, ಇಂಡೊನೇಷ್ಯಾ-ನ್ಯೂಗಿನಿಗಳ ನಡುವಣ ಸಮುದ್ರಗಳು, ಮತ್ತು ಅರಬ್ಬೀ ಸಮುದ್ರ. ಸ್ಕ್ಯಾಂಡಿನೇವಿಯಾ ಮತ್ತು ಪಶ್ಚಿಮ ರಷ್ಯಾದ ಹಕ್ಕಿಗಳು ಕ್ಯಾಸ್ಪಿಯನ್ ಸಮುದ್ರದ ಸುತ್ತಣ ಪ್ರದೇಶ, ಕಝಾಕಸ್ತಾನದ ಸರೋವರಗಳನ್ನು ಹಾದು ಇರಾನಿನ ನೆಲದ ಮೇಲಿಂದ ಓಮಾನ್ ಕೊಲ್ಲಿಗಿಳಿದು ಅರಬ್ಬೀ ಸಮುದ್ರದಲ್ಲಿ ಹರಡಿಕೊಳ್ಳುತ್ತವೆ. ಕಡಲಹಕ್ಕಿಯೊಂದು ಸಾವಿರಾರು ಕಿ.ಮೀ. ನೆಲದ ಮೇಲೆ ಹಾರಿ ಕಡಲು ಸೇರುವ ಈ ಕ್ರಮ ವಿಚಿತ್ರವೆನಿಸಿದರೂ, ದಾರಿಯ ಉಪ್ಪು ಸರೋವರಗಳು ಅದಕ್ಕೆ ತಂಗುದಾಣಗಳಾಗಿ ಒದಗುತ್ತವೆ.

ಈ ದಾರಿಯ ವಿವರಗಳು ಖಚಿತವಾದದ್ದು ಬೆಳಕಿನ ಪ್ರಮಾಣವನ್ನು ದಾಖಲಿಸಿ ಹಗಲು-ರಾತ್ರಿಗಳ ಅವಧಿಯಿಂದ ಸ್ಥಳವನ್ನು ಅಂದಾಜಿಸಲು ನೆರವಾಗುವ ಜಿಯೋಲೊಕೇಟರ್ ಎಂಬ ಪುಟ್ಟ ಉಪಕರಣದಿಂದ. ಒಂದು ಗ್ರಾಂಗಿಂತ ಕಡಿಮೆ ತೂಗುವ ಇದನ್ನು ಹಕ್ಕಿಗೆ ಕಟ್ಟಿ, ಮರುವರ್ಷ ಅದೇ ಹಕ್ಕಿಯನ್ನು ಮತ್ತೆ ಹಿಡಿದರಷ್ಟೇ ಮಾಹಿತಿ ಸಿಗುತ್ತದೆ. 2012ರಲ್ಲಿ ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಸಮೂಹದ ಫೆಟ್ಲರ್‌ನಲ್ಲಿ ಹತ್ತು ಫಲರೋಪ್‌ಗಳಿಗೆ ಇದನ್ನು ಕಟ್ಟಲಾಯಿತು. 2013ರಲ್ಲಿ ಒಂದು ಹಕ್ಕಿ ಮರಳಿ ಸಿಕ್ಕಿತು. ಶೆಟ್‌ಲ್ಯಾಂಡಿನ ಹಕ್ಕಿಗಳೂ ಸ್ಕ್ಯಾಂಡಿನೇವಿಯಾದವುಗಳಂತೆ ಅರಬ್ಬೀ ಸಮುದ್ರಕ್ಕೆ ಬರುತ್ತವೆ ಎಂದು ಅದುವರೆಗೆ ಭಾವಿಸಲಾಗಿತ್ತು. ಆ ಹಕ್ಕಿ ಮಾತ್ರ ಅಟ್ಲಾಂಟಿಕ್ ಸಾಗರವನ್ನು ದಾಟಿ, ಉತ್ತರ ಅಮೆರಿಕದ ಪೂರ್ವತೀರದಗುಂಟ ಇಳಿದು, ಕೆರಿಬಿಯನ್ ಸಮುದ್ರವನ್ನು ಹಾದು ಗಲಾಪಗೋಸ್ ಮತ್ತು ಈಕ್ವೆಡಾರ್ ನಡುವಣ ಶಾಂತಸಾಗರದಲ್ಲಿ ಚಳಿಗಾಲ ಕಳೆದಿತ್ತು. ಹೋಗಿಬರುವ ಹಾದಿ ಸುಮಾರು 25,000 ಕಿ.ಮೀ. ಮುಂದೆ ಹಲವು ದೇಶಗಳ ಹಕ್ಕಿಗಳನ್ನು ಸೇರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಈ ವಿಭಜನೆಯನ್ನು ದೃಢಪಡಿಸಿತು: ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಶೆಟ್‌ಲ್ಯಾಂಡ್‌ಗಳವು ಶಾಂತಸಾಗರಕ್ಕೆ, ಸ್ಕ್ಯಾಂಡಿನೇವಿಯಾದಿಂದ ಪೂರ್ವಕ್ಕಿರುವವು ಅರಬ್ಬೀ ಸಮುದ್ರಕ್ಕೆ. ನಮ್ಮ ಕಡೆಯ ಅಧ್ಯಯನಕ್ಕೆ ಇದರ ಮಹತ್ವವಿಷ್ಟು: ಕಚ್ ಕೊಲ್ಲಿಯ ಫಲರೋಪ್ ಉತ್ತರಗೋಳಾರ್ಧದ ಎಲ್ಲ ಫಲರೋಪ್‌ಗಳ ಪ್ರತಿನಿಧಿಯಲ್ಲ. ಅದು ನಿರ್ದಿಷ್ಟವಾದ ಒಂದು ಸಮುದಾಯದ್ದು. ಆ ಸಮುದಾಯ ತನ್ನ ಚಳಿಗಾಲಕ್ಕೆ ನಂಬಿರುವುದು ಈ ಒಂದು ಕಡಲನ್ನು.

ಹಾಗಿದ್ದರೆ ಅರಬ್ಬೀ ಸಮುದ್ರವೇ ಏಕೆ? ಉಷ್ಣವಲಯದ ಕಡಲುಗಳು ಸಾಮಾನ್ಯವಾಗಿ ಪೋಷಕಾಂಶಗಳ ದೃಷ್ಟಿಯಿಂದ ಬಡವು. ಬಿಸಿಲಿನಿಂದ ಕಾದ ಹಗುರವಾದ ಮೇಲ್‌ಪದರ ಕೆಳಗಿನ ತಣ್ಣನೆಯ ಭಾರವಾದ ನೀರಿನ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಕೆಳಗಿರುವ ನೈಟ್ರೇಟ್ ಮುಂತಾದವು ಬೆಳಕಿರುವ ಮೇಲ್‌ಪದರಕ್ಕೆ ಬರಲಾರವು. ಅರಬ್ಬೀ ಸಮುದ್ರದಲ್ಲಿ ಈ ಮುಚ್ಚಳ ವರ್ಷಕ್ಕೆ ಎರಡು ಸಲ ತೆರೆದುಕೊಳ್ಳುತ್ತದೆ. ಮುಂಗಾರಿನಲ್ಲಿ ನೈಋತ್ಯ ಮಾರುತದ ಒತ್ತಡದಿಂದ ಸೊಮಾಲಿಯಾ, ಓಮಾನ್ ಮತ್ತು ಭಾರತದ ನೈಋತ್ಯ ತೀರಗಳ ಬಳಿ ಕೆಳಗಿನ ನೀರು ಮೇಲೇರುವುದು ಮೊದಲನೆಯದು. ಇದು ಬಹಳ ಹಿಂದಿನಿಂದಲೂ ತಿಳಿದಿದ್ದ ಸಂಗತಿ. ಎರಡನೆಯದು ಚಳಿಗಾಲದ್ದು. ಇದನ್ನು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಂ. ಮಧುಪ್ರತಾಪ್, ಎಸ್. ಪ್ರಸನ್ನಕುಮಾರ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿವರಿಸಿದರು. ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತರದ ನೆಲದಿಂದ ಬೀಸುವ ಒಣ, ತಂಪು ಗಾಳಿ ಕಡಲ ಮೇಲ್ಮೈಯಿಂದ ಆವಿಯನ್ನೂ ಶಾಖವನ್ನೂ ಸೆಳೆಯುತ್ತದೆ. ಆವಿಯಾದಷ್ಟೂ ನೀರಿನ ಉಪ್ಪಿನಂಶ ಏರುತ್ತದೆ. ತಣಿದಷ್ಟೂ ಸಾಂದ್ರತೆ ಏರುತ್ತದೆ. ಹೀಗೆ ಭಾರವಾದ ಮೇಲ್‌ನೀರು ಕೆಳಗಿಳಿಯತೊಡಗಿ, ಸುಮಾರು ನೂರು ಮೀಟರ್ ಆಳದವರೆಗಿನ ಪದರ ಕಲಸಿಕೊಂಡು, ಪೋಷಕಾಂಶಗಳು ಬೆಳಕಿಗೆ ಬರುತ್ತವೆ. ಸಸ್ಯಪ್ಲವಕ ಹುಲುಸಾಗಿ ಬೆಳೆಯುತ್ತದೆ, ಅದನ್ನು ತಿನ್ನುವ ಕೋಪಿಪಾಡ್ ಮುಂತಾದ ಪ್ರಾಣಿಪ್ಲವಕಗಳಿಗೆ ಆಹಾರ ಒದಗುತ್ತದೆ. ಫಲರೋಪಿನ ಆಹಾರ ಈ ಕೋಪಿಪಾಡ್‌ಗಳೇ.

ಇಲ್ಲಿ ಕರ್ನಾಟಕದ ಕರಾವಳಿಯ ಮಾತನ್ನೂ ಸೇರಿಸುವುದು ಉಚಿತ. ಚಳಿಗಾಲದಲ್ಲಿ ನಮ್ಮ ತೀರದಾಚೆಯ ಕಡಲಿನಲ್ಲಿಯೂ ಈ ಫಲರೋಪ್ ಕಾಣುತ್ತದೆ. ದೋಣಿಯಲ್ಲಿ ಹೊರಗಡಲಿಗೆ ಹೋಗಿ ನಡೆಸಿದ ಸಮೀಕ್ಷೆಗಳಲ್ಲಿ ದಾಖಲಾಗಿದೆ. ಒಳನಾಡಿನ ಕೆರೆಗಳಲ್ಲಿ ದಾರಿತಪ್ಪಿದಂತೆ ಒಂಟಿ ಹಕ್ಕಿ ಕಾಣುವುದೂ ಉಂಟು. ಆದರೆ ಮೇಲೆ ಹೇಳಿದ ಚಳಿಗಾಲದ ಕಲಸುವಿಕೆ ಅರಬ್ಬೀ ಸಮುದ್ರದ ಉತ್ತರ ಭಾಗಕ್ಕೆ ಸೀಮಿತವಾದದ್ದು. ಕಾರವಾರದಿಂದ ಮಂಗಳೂರಿನವರೆಗಿನ ತೀರದಲ್ಲಿ ಅದೇ ತಿಂಗಳುಗಳಲ್ಲಿ ಬಂಗಾಳಕೊಲ್ಲಿಯ ಕಡೆಯಿಂದ ಬಂದ ಕಡಿಮೆ ಉಪ್ಪಿನ ನೀರು ಮೇಲ್‌ಪದರವಾಗಿ ಉತ್ತರಕ್ಕೆ ಹರಿಯುತ್ತದೆ, ಮುಚ್ಚಳ ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ಮಲ್ಪೆಯಾಚೆ ಕಂಡ ಫಲರೋಪನ್ನೂ ಓಖಾದಾಚೆ ಕಂಡದ್ದನ್ನೂ ಒಂದೇ ಸಾಲಿನಲ್ಲಿ ಬರೆದು ಕೂಡಿಸುವುದು ಸರಿಯಲ್ಲ. ಎರಡು ಕಡೆಯ ಕಡಲು ಆ ಕಾಲಕ್ಕೆ ಎರಡು ಬಗೆಯದು.

ಊಟದ ಯಂತ್ರವಿಧಾನ

ಫಲರೋಪ್ ನೀರಿನಲ್ಲಿ ಮುಳುಗಿ ಬೇಟೆಯಾಡುವ ಹಕ್ಕಿಯಲ್ಲ. ಅದರ ದಟ್ಟವಾದ ಗರಿಗಳಲ್ಲಿ ಸೇರಿದ ಗಾಳಿ ಅದನ್ನು ಬೆಂಡಿನಂತೆ ತೇಲಿಸುತ್ತದೆ. ಹಾಗಾಗಿ ಆಹಾರವೇ ಅದರ ಬಳಿಗೆ, ಮೇಲ್ಮೈಯ ಕೆಲವು ಸೆಂಟಿಮೀಟರುಗಳೊಳಗೆ ಬರಬೇಕು. ಬಾರದಿದ್ದಾಗ ಬರಿಸಿಕೊಳ್ಳುವ ಉಪಾಯವೊಂದು ಅದಕ್ಕೆ ಗೊತ್ತು. ಇದ್ದಲ್ಲಿಯೇ ಬುಗುರಿಯಂತೆ, ಸೆಕೆಂಡಿಗೆ ಸುಮಾರು ಒಂದು ಸುತ್ತಿನಂತೆ ತಿರುಗುತ್ತ ಕಾಲುಗಳಿಂದ ಮೇಲ್ಮೈ ನೀರನ್ನು ಹೊರಕ್ಕೆ ತಳ್ಳುತ್ತದೆ. ಹಾಗೆ ಖಾಲಿಯಾದ ಜಾಗವನ್ನು ತುಂಬಲು ಕೆಳಗಿನ ನೀರು ಮೇಲೇರುತ್ತದೆ, ಅದರೊಡನೆ ಪ್ಲವಕಗಳೂ ಏರುತ್ತವೆ. 1996ರಲ್ಲಿ, ಅದೂ ನೇಚರ್ ಪತ್ರಿಕೆಯಲ್ಲಿಯೇ, ಈ ಸುಳಿಯ ರಚನೆಯನ್ನು ಅಳೆದು ತೋರಿಸಲಾಯಿತು. ಉತ್ತರ ಅರಬ್ಬೀ ಸಮುದ್ರದಲ್ಲಿ ಗಾಳಿ ಮಾಡುವ ಕೆಲಸವನ್ನೇ ಹಕ್ಕಿ ತನ್ನ ಅಳತೆಯಲ್ಲಿ ಮಾಡುತ್ತದೆ ಎನ್ನಬಹುದು.

ಇದಕ್ಕಿಂತ ಸೂಕ್ಷ್ಮವಾದದ್ದು ಕೊಕ್ಕಿನ ತುದಿಯಲ್ಲಿ ಸಿಕ್ಕ ಕೋಪಿಪಾಡ್ ಬಾಯಿಗೆ ಸೇರುವ ಬಗೆ. ಕೊಕ್ಕು ನೀಳ, ಕೆಳಮುಖ. ಬೇಟೆ ಕೆಲವೇ ಮಿಲಿಮೀಟರಿನದು, ಒಂದು ಹನಿ ನೀರಿನೊಳಗಿರುವುದು. ನಾಲಗೆ ಆ ತುದಿಗೆ ಎಟುಕದು, ಹೀರಿಕೊಳ್ಳುವ ಏರ್ಪಾಡೂ ಇಲ್ಲ. ಹಕ್ಕಿ ಕೊಕ್ಕನ್ನು ತುಸುವೇ ತೆರೆದು ಮುಚ್ಚುತ್ತ ಹೋದಂತೆ ಆ ಹನಿ, ನೀರಿನ ಮೇಲ್ಮೈ ಎಳೆತದ ಬಲದಿಂದ, ಹಂತಹಂತವಾಗಿ ಕೊಕ್ಕಿನ ಬುಡದ ಕಡೆಗೆ ಏರುತ್ತದೆ ಎಂಬುದನ್ನು ಮಾರ್ಗರೆಟ್ ರುಬೆಗಾ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ತೋರಿಸಿದರು. 2008ರಲ್ಲಿ ಭಾರತೀಯ ಮೂಲದ ಮನು ಪ್ರಕಾಶ್, ಡೇವಿಡ್ ಕೆರೆ ಹಾಗೂ ಜಾನ್ ಬುಷ್ ಅವರು ಸೈನ್ಸ್ ಪತ್ರಿಕೆಯಲ್ಲಿ ಇದರ ಭೌತಶಾಸ್ತ್ರವನ್ನು ಬಿಡಿಸಿದರು. ಹನಿಯೊಂದು ಗಟ್ಟಿ ಮೇಲ್ಮೈಗೆ ಅಂಟಿಕೊಂಡಿರುವಾಗ ಅದರ ಅಂಚು ಸುಲಭವಾಗಿ ಸರಿಯುವುದಿಲ್ಲ, ಸ್ವಲ್ಪ ಹಟ ಹಿಡಿಯುತ್ತದೆ. ಕೊಕ್ಕು ಮುಚ್ಚುವಾಗ ಹನಿಯ ಮುಂದಿನ ಅಂಚು ಬಾಯಿಯ ಕಡೆಗೆ ಸರಿಯುತ್ತದೆ, ಹಿಂದಿನದು ನಿಲ್ಲುತ್ತದೆ. ತೆರೆಯುವಾಗ ಹಿಂದಿನದು ಸರಿಯುತ್ತದೆ, ಮುಂದಿನದು ನಿಲ್ಲುತ್ತದೆ. ಒಂದೇ ದಿಕ್ಕಿಗೆ ತಿರುಗುವ ಹಲ್ಲುಗಾಲಿಯ ಹಾಗೆ ಹನಿ ಒಂದೇ ಕಡೆಗೆ ಮುನ್ನಡೆಯುತ್ತದೆ. ಸಾಮಾನ್ಯವಾಗಿ ಹನಿಗಳ ಚಲನೆಗೆ ಅಡ್ಡಿಯಾಗುವ ಅಂಟುವ ಗುಣವೇ ಇಲ್ಲಿ ಚಲನೆಗೆ ಸಾಧನವಾಗಿದೆ.

ಈ ವಿವರಣೆಯನ್ನು ಕುತೂಹಲಕ್ಕಾಗಿ ಮಾತ್ರ ಇಲ್ಲಿ ಕೊಟ್ಟಿಲ್ಲ. ಇಡೀ ಕ್ರಿಯೆ ನೀರು ಮತ್ತು ಕೊಕ್ಕಿನ ನಡುವಣ ಅಂಟಿನ ಸ್ವಭಾವವನ್ನು ಅವಲಂಬಿಸಿದೆ. ನೀರಿನ ಮೇಲೆ ತೈಲದ ಅಥವಾ ಮಾರ್ಜಕದ ತೆಳುಪೊರೆ ಇದ್ದರೂ ಸಾಕು, ಆ ಸ್ವಭಾವ ಬದಲಾಗುತ್ತದೆ. ಈ ಅಪಾಯವನ್ನು ಮೇಲಿನ ಸಂಶೋಧಕರೇ ಸೂಚಿಸಿದ್ದಾರೆ. ತೈಲದಿಂದ ಗರಿ ತೊಯ್ದು ಸಾಯುವ ಹಕ್ಕಿಯ ಚಿತ್ರ ನಮಗೆ ಪರಿಚಿತ. ಗರಿಗೆ ಏನೂ ಆಗದೆ, ದೇಹದಲ್ಲಿ ಗುರುತೂ ಇಲ್ಲದೆ, ಉಣ್ಣಲಾರದೆ ಸೊರಗುವ ಹಕ್ಕಿ ಯಾವ ವರದಿಯಲ್ಲಿಯೂ ಬರುವುದಿಲ್ಲ.

ಕಚ್ ಕೊಲ್ಲಿಯ ಸಂದರ್ಭದಲ್ಲಿ ಇದು ದೂರದ ಮಾತಲ್ಲ. ವಾಡಿನಾರಿನ ಬಳಿ 1978ರಿಂದಲೂ ಹಡಗುಗಳಿಂದ ಕಚ್ಚಾತೈಲವನ್ನು ನಡುನೀರಿನಲ್ಲಿಯೇ ಇಳಿಸಿಕೊಂಡು ಕೊಳವೆಯಲ್ಲಿ ದಡಕ್ಕೆ ಸಾಗಿಸಲಾಗುತ್ತಿದೆ. 1999ರ ನಂತರ ಜಾಮನಗರದ ಪ್ರದೇಶ ಜಗತ್ತಿನ ಅತಿದೊಡ್ಡ ತೈಲ ಶುದ್ಧೀಕರಣ ಕೇಂದ್ರಗಳಲ್ಲೊಂದಾಗಿದೆ. ಪ್ರವಾಹಗಳು ಕೂಡುವ ಗೆರೆ ಪ್ಲವಕಗಳನ್ನು ಒಟ್ಟುಮಾಡುವಂತೆಯೇ ತೈಲದ ಪೊರೆಯನ್ನೂ ಪ್ಲಾಸ್ಟಿಕ್ ಚೂರುಗಳನ್ನೂ ಒಟ್ಟುಮಾಡುತ್ತದೆ. ಫಲರೋಪ್ ಹುಡುಕಿಕೊಂಡು ಹೋಗುವುದು ಅದೇ ಗೆರೆಯನ್ನು. ಇದರ ಸೋದರ ಪ್ರಭೇದವಾದ ಬೂದು ಫಲರೋಪಿನ ಜಠರದಲ್ಲಿ ಪ್ಲಾಸ್ಟಿಕ್ ಕಣಗಳಿರುವುದು ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದ ಆರಂಭದಲ್ಲಿಯೇ ವರದಿಯಾಗಿತ್ತು.

ಎಣಿಕೆಯ ಸಮಸ್ಯೆ

ಭಾರತ ಉಪಖಂಡದಲ್ಲಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿಗಳ ಗಣತಿ ಒಂದು ದೊಡ್ಡ ಆಸ್ತಿ. 2025ರ ಜನವರಿಯಲ್ಲಿ ಇದೇ ಸಾಗರ ಉದ್ಯಾನದಲ್ಲಿ ಕರಾವಳಿಯ ಹಾಗೂ ಕೆಸರುಬಯಲಿನ ಹಕ್ಕಿಗಳಿಗೆಂದೇ ಮೀಸಲಾದ ಗಣತಿಯೂ ನಡೆಯಿತು. ಏಡಿಗೊರವ, ಕಡಲಕ್ಕಿ, ರೀವಗಳಂಥ ಹಕ್ಕಿಗಳ ಮಟ್ಟಿಗೆ ಇವು ಅತ್ಯಂತ ಉಪಯುಕ್ತ. ಭರತದ ವೇಳೆಗೆ ಕೆಸರುಬಯಲು ಮುಳುಗಿದಾಗ ಈ ಹಕ್ಕಿಗಳು ದಡದ ಎತ್ತರದ ಜಾಗಗಳಲ್ಲಿ ಗುಂಪಾಗಿ ನಿಲ್ಲುತ್ತವೆ, ಆಗ ಎಣಿಸಬಹುದು. ಫಲರೋಪ್ ಭರತಕ್ಕಾಗಿ ದಡಕ್ಕೆ ಬರಬೇಕಾಗಿಲ್ಲ. ನೀರೇ ಅದರ ನೆಲ. ಭರತದ ಕಾಲದ ಎಣಿಕೆಯ ವಿಧಾನ ಈ ಹಕ್ಕಿಯನ್ನು ಸ್ವಭಾವತಃ ಬಿಟ್ಟುಬಿಡುತ್ತದೆ. ಹಾಗಾಗಿ ಗಣತಿಯ ಪತ್ರದಲ್ಲಿ ಫಲರೋಪಿನ ಮುಂದೆ ಸೊನ್ನೆ ಬಂದರೆ ಅದನ್ನು 'ಇಲ್ಲ' ಎಂದು ಓದಬಾರದು, 'ನೋಡಿಲ್ಲ' ಎಂದೇ ಓದಬೇಕು. ಇದಕ್ಕೆ ವಿರುದ್ಧವಾಗಿ ಉಪ್ಪಿನ ಆಗರದಲ್ಲಿ ಒಂದು ವರ್ಷ ಸಾವಿರ ಹಕ್ಕಿ ಕಂಡರೆ, ಅದು ಸಮೃದ್ಧಿಯ ಗುರುತಾಗಿರಬಹುದು, ಹೊರಗಡಲಿನಲ್ಲಿ ಆಹಾರ ತಪ್ಪಿ ಅವು ಒಳಕ್ಕೆ ಬಂದದ್ದೂ ಆಗಿರಬಹುದು. ಸಂಖ್ಯೆಯೊಂದರಿಂದಲೇ ಇದನ್ನು ತೀರ್ಮಾನಿಸಲಾಗದು.

ಇಂಥ ಓದಿನ ಬೆಲೆ ಏನೆಂಬುದನ್ನು ಅಟ್ಲಾಂಟಿಕ್ ತೀರದ ಒಂದು ಪ್ರಸಂಗ ತೋರಿಸುತ್ತದೆ. ಕೆನಡಾದ ಫಂಡಿ ಕೊಲ್ಲಿಯ ಬಾಯಿಯಲ್ಲಿ, ಡೀರ್ ದ್ವೀಪದ ಸುತ್ತಣ ನೀರಿನಲ್ಲಿ, 1980ರ ದಶಕದ ಆರಂಭದವರೆಗೂ ಶರತ್ಕಾಲದ ವಲಸೆಯಲ್ಲಿ ಕೆಂಪುಕೊರಳ ಫಲರೋಪ್‌ಗಳು ಲಕ್ಷಗಟ್ಟಲೆ ನೆರೆಯುತ್ತಿದ್ದವು. ಇಪ್ಪತ್ತು ಲಕ್ಷದವರೆಗಿನ ಅಂದಾಜುಗಳಿವೆ. ಜಗತ್ತಿನ ಅತ್ಯುನ್ನತ ಭರತಗಳ ಆ ಕೊಲ್ಲಿಯಲ್ಲಿ ಆಳದ ಕೋಪಿಪಾಡ್‌ಗಳನ್ನು ಪ್ರವಾಹವೇ ಮೇಲಕ್ಕೆ ತರುತ್ತಿತ್ತು. ದಶಕ ಮುಗಿಯುವಷ್ಟರಲ್ಲಿ ಹಕ್ಕಿಗಳು ಅಲ್ಲಿಂದ ಬಹುತೇಕ ಮರೆಯಾದವು. ಅವು ಸತ್ತವೋ, ಬೇರೆಡೆ ಹೋದವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಕಾರಣ ಸರಳವಾದದ್ದು: ಅವು ಅಲ್ಲಿಂದ ಹೊರಟು ಎಲ್ಲಿ ಚಳಿಗಾಲ ಕಳೆಯುತ್ತಿದ್ದವು, ಅಲ್ಲಿ ಎಷ್ಟಿದ್ದವು ಎಂಬುದರ ಲೆಕ್ಕವನ್ನು ಆ ಕಾಲದಲ್ಲಿ ಯಾರೂ ಇಟ್ಟಿರಲಿಲ್ಲ. ಶೆಟ್‌ಲ್ಯಾಂಡಿನ ಹಕ್ಕಿಯ ದಾರಿ ತಿಳಿದ ಮೇಲಷ್ಟೇ, ಅಟ್ಲಾಂಟಿಕ್ ದಾಟಿ ಬರುತ್ತಿದ್ದ ಹಕ್ಕಿಗಳೂ ಆ ನೆರವಿಯಲ್ಲಿ ಇದ್ದಿರಬಹುದೆಂಬ ಯೋಚನೆಗೆ ಬಲ ಬಂದಿತು. ಆಗ ಮೂವತ್ತು ವರ್ಷಗಳು ಕಳೆದಿದ್ದವು. ಫಂಡಿಗ�ೂ ಕಚ್ಚಿಗೂ ದೊಡ್ಡ ಭರತಗಳ ಹೋಲಿಕೆ ಇದೆಯಾದರೂ ಅದನ್ನು ಹೆಚ್ಚು ಎಳೆಯಲಾಗದು; ಕಚ್ ಕೊಲ್ಲಿ ಆಳವಿಲ್ಲದ್ದು, ಕದಡಿದ್ದು. ಇಲ್ಲಿ ಗಮನಿಸಬೇಕಾದ ಆಳ ಕೊಲ್ಲಿಯ ಹೊರಗಿದೆ.

ಆ ಹೊರಗಡಲಿನಲ್ಲಿಯೂ ಬದಲಾವಣೆ ನಡೆದಿದೆ. ಉತ್ತರ ಅರಬ್ಬೀ ಸಮುದ್ರದ ಚಳಿಗಾಲದ ಸಸ್ಯಪ್ಲವಕದಲ್ಲಿ ಹಿಂದೆ ಡಯಾಟಮ್‌ಗಳು ಪ್ರಧಾನವಾಗಿದ್ದವು. 2000ದ ನಂತರ ನಾಕ್ಟಿಲೂಕಾ ಎಂಬ, ರಾತ್ರಿ ಮಿನುಗುವ ಹಸಿರು ಏಕಕೋಶಜೀವಿ ಚಳಿಗಾಲದ ಕೊನೆಗೆ ಅಪಾರ ವಿಸ್ತಾರದಲ್ಲಿ ಹರಡುತ್ತಿರುವುದು ಕಂಡುಬಂದಿದೆ. ಕಡಲಿನಲ್ಲಿ ಆಮ್ಲಜನಕದ ಕೊರತೆ ಹರಡುತ್ತಿರುವುದೇ ಇದಕ್ಕೆ ಕಾರಣವೆಂದು 2014ರ ಅಧ್ಯಯನವೊಂದು ವಾದಿಸಿತು. ಮೇಲ್‌ಪದರದಲ್ಲಿ ಅಂಥ ಕೊರತೆ ಕಾಣುವುದಿಲ್ಲವೆಂದು ನಂತರದ ಭಾರತೀಯ ಅಧ್ಯಯನ ಆಕ್ಷೇಪಿಸಿತು. ಕಾರಣ ಯಾವುದೇ ಇರಲಿ, ಫಲರೋಪಿನ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ. ಗಾತ್ರದಲ್ಲಿ ದೊಡ್ಡದಾದ ನಾಕ್ಟಿಲೂಕಾವನ್ನು ಕೋಪಿಪಾಡ್‌ಗಳು ಸುಲಭವಾಗಿ ತಿನ್ನಲಾರವು. ಅದನ್ನು ತಿನ್ನುವುದು ಸಾಲ್ಪ್ ಮತ್ತು ಅಂಬಲಿಮೀನಿನಂಥ ಲೋಳೆಜೀವಿಗಳು. ಸೂಜಿಯಂಥ ಕೊಕ್ಕಿನ ಹನಿಯಲ್ಲಿ ಏರಿಬರಬಲ್ಲ ಆಹಾರವಲ್ಲ ಅದು. ಫಲರೋಪಿನ ಮೇಲೆ ಇದರ ಪರಿಣಾಮವನ್ನು ತಿಳಿಯಬೇಕಾದರೆ ಸಾಗರವಿಜ್ಞಾನದ ಹಡಗಿನ ಮೇಲೆ ಪ್ಲವಕ ಸಂಗ್ರಹಿಸುವವರ ಜೊತೆಗೆ ಹಕ್ಕಿ ಎಣಿಸುವವರೂ ಒಬ್ಬರಿರಬೇಕು. ನಮ್ಮ ಈ ಎರಡು ವಿದ್ಯೆಗಳು ಒಂದೇ ಕಡಲಿನ ಬಗ್ಗೆ ಬರೆಯುತ್ತಿದ್ದರೂ ಒಂದೇ ಹಡಗಿನಲ್ಲಿ ಕೂತದ್ದು ಕಡಿಮೆ.

2020ರ ಫೆಬ್ರವರಿಯಲ್ಲಿ ವಲಸೆ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದದ ಹದಿಮೂರನೆಯ ಸಮ್ಮೇಳನ ಗುಜರಾತಿನ ಗಾಂಧಿನಗರದಲ್ಲಿಯೇ ನಡೆಯಿತು. ಮಧ್ಯ ಏಷ್ಯಾದ ಹಾರುದಾರಿಯ ರಕ್ಷಣೆಯಲ್ಲಿ ಭಾರತ ಮುಂದಾಳಾಗಿದೆ. ಈ ಹಾರುದಾರಿಯ ಕುರಿತ ಮಾತಿನಲ್ಲಿ ಕೆರೆ, ಜೌಗು, ಕೆಸರುಬಯಲುಗಳಿಗೆ ಸಹಜವಾಗಿಯೇ ಅಗ್ರಸ್ಥಾನ. ಜಾಮನಗರದ ಪಕ್ಕದ ಖಿಜಡಿಯಾ ಅಭಯಾರಣ್ಯ ರಾಮ್ಸಾರ್ ತಾಣವೆಂದು 2022ರಲ್ಲಿ ಪ್ರಕಟವಾದದ್ದು ಸಂತೋಷದ ಸಂಗತಿ. ಆದರೆ ಈ ದಾರಿ ನೆಲದ ಅಂಚಿನಲ್ಲಿ ಮುಗಿಯುವುದಿಲ್ಲವೆಂಬುದಕ್ಕೆ ಫಲರೋಪ್ ಸಾಕ್ಷಿ.

ಸದ್ಯಕ್ಕೆ ಉದ್ಯಾನದ ಮಟ್ಟದಲ್ಲಿಯೇ ಮಾಡಬಹುದಾದ ಕೆಲಸ ಇಲ್ಲದಿಲ್ಲ. ದಾಖಲೆಗಳಲ್ಲಿ ಉಪ್ಪಿನ ಆಗರದ ಹಕ್ಕಿಗಳನ್ನೂ ತೆರೆನೀರಿನ ಹಕ್ಕಿಗಳನ್ನೂ ಬೇರೆ ಬೇರೆಯಾಗಿ ಬರೆಯುವುದು. ದೋಣಿಯಿಂದ ನೋಡಿದ್ದಾದರೆ ಸಾಗಿದ ದೂರ, ಭರತದ ಸ್ಥಿತಿ, ನೊರೆಗೆರೆಯ ಇರವು, ನೀರಿನ ಮೇಲೆ ತೈಲದ ಹೊಳಪು ಕಂಡಿದ್ದರೆ ಅದನ್ನೂ ನಮೂದಿಸುವುದು. ಹಕ್ಕಿ ಕಾಣದೆ ಮರಳಿದ ದಿನಗಳನ್ನು ಸಹ ದಿನಾಂಕಸಹಿತ ಉಳಿಸಿಕೊಳ್ಳುವುದು. ಕಾವಲಿನ ದೋಣಿಗಳು ಹೇಗೂ ಆ ನೀರಿನಲ್ಲಿ ಓಡಾಡುತ್ತಲೇ ಇರುತ್ತವೆ. ಎಣಿಕೆಯ ಕಾಲವನ್ನು ಜನವರಿಗೆ ಕಟ್ಟಿಹಾಕದೆ ಆಗಸ್ಟ್-ಸೆಪ್ಟೆಂಬರ್ ಮತ್ತು ಏಪ್ರಿಲ್-ಮೇ ತಿಂಗಳುಗಳಿಗೂ ಚಾಚುವುದು ಇವೆಲ್ಲಕ್ಕಿಂತ ಮುಖ್ಯ. ಮೊದಲ ಅವಧಿಯಲ್ಲಿ ಹಕ್ಕಿಗಳು ಉತ್ತರದಿಂದ ಇಳಿದುಬರುತ್ತವೆ. ಎರಡನೆಯದರಲ್ಲಿ ಅವು ಮರುಪ್ರಯಾಣಕ್ಕೆ ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತವೆ, ಹೊಸಗರಿ ಬಂದಿರುತ್ತದೆ; ಹೆಣ್ಣು-ಗಂಡುಗಳನ್ನು ಬಣ್ಣದಿಂದ ಬೇರ್ಪಡಿಸಿ ಎಣಿಸಲು ಸಾಧ್ಯವಾಗುವುದು, ಹೆಸರಿನಲ್ಲಿರುವ ಕೆಂಪು ಈ ನೀರಿನಲ್ಲಿ ಕಾಣುವುದು ಆ ಕೆಲವು ವಾರಗಳಲ್ಲಿಯೇ.